ಟೆಂಡರಿಗೆ ಮೊದಲು ಕೇಳಬೇಕಾದವರು: ಬೆಂಗಳೂರಿನ ಸಾರಿಗೆ ಯೋಜನೆಯಲ್ಲಿ ಜನರ ಪಾಲು

2016ರ ಅಕ್ಟೋಬರ್ 16ರಂದು ಬೆಂಗಳೂರಿನ ಬಳ್ಳಾರಿ ರಸ್ತೆಯುದ್ದಕ್ಕೂ ಸಾವಿರಾರು ಜನ ಕೈ ಕೈ ಹಿಡಿದು ನಿಂತು 'ಸ್ಟೀಲ್ ಫ್ಲೈಓವರ್ ಬೇಡ' ಎಂದರು. ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ 6.7 ಕಿ.ಮೀ. ಉದ್ದದ ಆ ಸೇತುವೆಗೆ ಸುಮಾರು 1,800 ಕೋಟಿ ರೂಪಾಯಿ ವೆಚ್ಚವಾಗುತ್ತಿತ್ತು; ಎಂಟುನೂರಕ್ಕೂ ಹೆಚ್ಚು ಮರಗಳು ಉರುಳುತ್ತಿದ್ದವು. ಅದೇ ತಿಂಗಳ ಕೊನೆಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ತಡೆ ನೀಡಿತು. 2017ರ ಮಾರ್ಚಿನಲ್ಲಿ ಸರ್ಕಾರ ಯೋಜನೆಯನ್ನೇ ಕೈಬಿಟ್ಟಿತು.

ಇದನ್ನು ನಾಗರಿಕರ ಗೆಲುವೆಂದು ಬರೆಯುವುದು ರೂಢಿ. ಗೆಲುವೇನೋ ನಿಜ. ಆದರೆ ಘಟನೆಗಳ ಅನುಕ್ರಮವನ್ನು ಗಮನಿಸಬೇಕು: ಜನ ಬೀದಿಗಿಳಿಯುವ ವೇಳೆಗೆ ಸಚಿವ ಸಂಪುಟದ ಒಪ್ಪಿಗೆ ಆಗಿಹೋಗಿತ್ತು. ಇಮೇಲ್‌ನಲ್ಲಿ ಅಭಿಪ್ರಾಯ ಕೇಳಿದ್ದೇವೆ, ಬಹುಪಾಲು ಜನ ಒಪ್ಪಿದ್ದಾರೆ ಎಂಬುದು ಯೋಜನೆ ಕೈಗೊಂಡ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಸಮರ್ಥನೆ. ಸಿದ್ಧವಾದ ಒಂದೇ ಸೇತುವೆಯನ್ನು ತೋರಿಸಿ 'ಬೇಕೋ, ಬೇಡವೋ' ಎಂದು ಕೇಳುವುದನ್ನು ಸಮಾಲೋಚನೆ ಎನ್ನಲಾಗದು. ನೆಲಮಂಗಲ, ಆನೇಕಲ್, ಹೊಸಕೋಟೆಗಳಿಂದ ದಿನವೂ ಬಸ್ಸು ಹಿಡಿದು ನಗರಕ್ಕೆ ಬರುವವರನ್ನು ಅಂಥ ಇಮೇಲ್ ತಲುಪುವುದೂ ಅನುಮಾನ.

ಇಂಥವರನ್ನೂ ಮೊದಲೇ ಕೇಳುವುದಕ್ಕೆ ಸಂವಿಧಾನದಲ್ಲೇ ದಾರಿಯಿದೆ. 74ನೇ ತಿದ್ದುಪಡಿಯಿಂದ ಬಂದ 243ಝಡ್‌ಇ ವಿಧಿಯ ಪ್ರಕಾರ ಮಹಾನಗರ ಪ್ರದೇಶದ ಕರಡು ಅಭಿವೃದ್ಧಿ ಯೋಜನೆ ರೂಪಿಸಬೇಕಾದದ್ದು ಮಹಾನಗರ ಯೋಜನಾ ಸಮಿತಿ. ಅದರ ಸದಸ್ಯರಲ್ಲಿ ಮೂರನೇ ಎರಡು ಭಾಗಕ್ಕೆ ಕಡಿಮೆಯಿಲ್ಲದಷ್ಟು ಮಂದಿ ನಗರಸಂಸ್ಥೆಗಳ ಚುನಾಯಿತರಿಂದಲೂ ಪಂಚಾಯಿತಿ ಅಧ್ಯಕ್ಷರಿಂದಲೂ ಆಯ್ಕೆಯಾಗಿ ಬರಬೇಕು. ನಗರದ ರಸ್ತೆಗೆ ಹಳ್ಳಿಯವರ ಮಾತೂ ಬೇಕು ಎಂಬ ಈ ವಿವೇಕ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ತಿದ್ದುಪಡಿ ಜಾರಿಯಾದದ್ದು 1993ರಲ್ಲಿ. ಬೆಂಗಳೂರಿನಲ್ಲಿ ಸಮಿತಿ ರಚನೆಯಾದದ್ದು 2014ರಲ್ಲಿ. 2020ರ ಸೆಪ್ಟೆಂಬರಿನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ (ಬಿಬಿಎಂಪಿ) ಸದಸ್ಯರ ಅವಧಿ ಮುಗಿಯಿತು. 2025ರಲ್ಲಿ ಪಾಲಿಕೆ ಐದಾಗಿ ಒಡೆದಾಗಲೂ ಅಲ್ಲಿ ಚುನಾಯಿತ ಸದಸ್ಯರಿರಲಿಲ್ಲ. ಅಂದರೆ ಸಮಿತಿಗೆ ನಗರದ ಪರವಾಗಿ ಆರಿಸಿ ಕಳಿಸಲು ಕಾರ್ಪೊರೇಟರುಗಳೇ ಇರಲಿಲ್ಲ.

ಈ ನಡುವೆ 2022ರ ಕಾಯ್ದೆಯಿಂದ ಬೆಂಗಳೂರು ಮಹಾನಗರ ಭೂ ಸಾರಿಗೆ ಪ್ರಾಧಿಕಾರ ಬಂತು. ಬಸ್ಸು, ಮೆಟ್ರೊ, ರಸ್ತೆಗಳನ್ನು ಬೇರೆ ಬೇರೆ ಸಂಸ್ಥೆಗಳು ತಮಗೆ ತೋಚಿದಂತೆ ಯೋಜಿಸುವುದನ್ನು ತಪ್ಪಿಸುವ ಉದ್ದೇಶ ಸರಿಯಾದದ್ದೇ. ಅದರ ಅಧ್ಯಕ್ಷರು ಮುಖ್ಯಮಂತ್ರಿ. ಸಂಸ್ಥೆಗಳ ನಡುವೆ ಹೊಂದಾಣಿಕೆ ತರುವ ಶಕ್ತಿ ಅದಕ್ಕಿರಬಹುದು. ವಾರ್ಡು ಮತ್ತು ಪಂಚಾಯಿತಿಗಳ ಪ್ರಾತಿನಿಧ್ಯವನ್ನು ಮಾತ್ರ ಅದು ತುಂಬಿಕೊಡಲಾರದು.

ಜನರ ದನಿ ಬರೀ ತಡೆಯೊಡ್ಡುವುದಲ್ಲ ಎಂಬುದಕ್ಕೆ ಉಪನಗರ ರೈಲೇ ಸಾಕ್ಷಿ. ಸೇತುವೆ ವಿರೋಧಿಸಿದವರೇ ಅದರ ಬೆನ್ನಿಗೆ 'ಚುಕುಬುಕು ಬೇಕು' ಎಂದು ಕೇಳಿದರು. ಬಹುಕಾಲದ ಆ ಬೇಡಿಕೆ, 148 ಕಿ.ಮೀ. ಜಾಲವಾಗಿ 2020ರಲ್ಲಿ ಕೇಂದ್ರದ ಮಂಜೂರಾತಿ ಪಡೆಯಿತು.

ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಯೋಜಿಸಿರುವ ಸುರಂಗ ರಸ್ತೆಯ ವಿವಾದ ಕಾವೇರಿದ್ದೂ ಯೋಜನೆ ಟೆಂಡರ್ ಹಂತಕ್ಕೆ ಬಂದಾಗಲೇ. ಪಾಲಿಕೆಗಳಿಗೆ ಚುನಾಯಿತ ಸದಸ್ಯರು ಬಂದು ಯೋಜನಾ ಸಮಿತಿ ಪೂರ್ಣವಾಗಿ ಕೂಡಿದ ದಿನ ಅದರ ಮುಂದೆ ಮೊದಲು ಇಡಬೇಕಾದ ಕಡತ ಈ ಸುರಂಗದ್ದು, ಮತ್ತು ಅದರ ಜೊತೆಗೆ ಅಷ್ಟೇ ಹಣದಲ್ಲಿ ಎಷ್ಟು ಬಸ್ಸು, ಎಷ್ಟು ರೈಲು ಓಡಿಸಬಹುದು ಎಂಬ ಲೆಕ್ಕ.