ಗಣಿತಸಾರಸಂಗ್ರಹದ ಒಂದು ಗುಣಲಬ್ಧ: 12345654321ರ ಸಂಖ್ಯಾಸ್ವರೂಪ

ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ದ ಗುಣಾಕಾರ ಭಾಗದಲ್ಲಿ, ಉತ್ತರದ ಅಂಕಿಗಳು ಹಾರದ ಮಣಿಗಳಂತೆ ಎರಡೂ ತುದಿಗಳಿಂದ ಒಂದೇ ಬಗೆಯಾಗಿ ಕಾಣುವ ಕೆಲವು ಲೆಕ್ಕಗಳಿವೆ. 27994681ನ್ನು 441ರಿಂದ ಗುಣಿಸಿದಾಗ ಬರುವ 12345654321, ಅಂದರೆ 1234 ಕೋಟಿ 56 ಲಕ್ಷ 54 ಸಾವಿರದ 321, ಅವುಗಳಲ್ಲಿ ಒಂದು. ಒಂದರಿಂದ ಆರರವರೆಗೆ ಏರಿ ಹಾಗೆಯೇ ಇಳಿಯುವ ಈ ಸಂಖ್ಯೆಯು ಚಿತ್ರಕವಿತ್ವದಲ್ಲಿ ಹಿಂದುಮುಂದಾಗಿ ಓದಿದರೂ ಬದಲಾಗದ ಗತಪ್ರತ್ಯಾಗತವನ್ನು ನೆನಪಿಗೆ ತರುತ್ತದಾದರೂ, ಅದರ ನಿಜವಾದ ಹಿರಿಮೆಯಿರುವುದು ಅಪವರ್ತನಗಳಲ್ಲಿ ಎಂಬುದು ಇಲ್ಲಿಯ ವಾದ.

ಇದು 111111ರ ವರ್ಗ. ಆ ವರ್ಗಮೂಲವು ಮೊದಲು 111 ಮತ್ತು 1001 ಎಂದು ಒಡೆದು, ಕೊನೆಗೆ 3, 7, 11, 13, 37 ಎಂಬ ಐದು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧವಾಗಿ ನಿಲ್ಲುತ್ತದೆ. ಮಹಾವೀರನ ಲೆಕ್ಕದ 441 ಎಂಬುದು 21ರ ವರ್ಗವಾದರೆ 27994681 ಎಂಬುದು 5291ರ ವರ್ಗ. 21ರಲ್ಲಿ 3 ಮತ್ತು 7 ಅಡಗಿದ್ದರೆ 5291ರಲ್ಲಿ ಉಳಿದ ಮೂರೂ ಅಡಗಿವೆ. ಐದು ಅವಿಭಾಜ್ಯಗಳಲ್ಲಿ ಯಾವುದೊಂದೂ ಎರಡು ಕಡೆಗೆ ಸೇರದಂತೆ ಹಂಚಿಕೆಯಾಗಿರುವ ಈ ಕ್ರಮವನ್ನು ಗಮನಿಸಿದರೆ, ಲೆಕ್ಕ ಕಟ್ಟಿದವನು ಉತ್ತರವನ್ನು ಮೊದಲೇ ಇಟ್ಟುಕೊಂಡು, ಅದರ ಮೂಲವನ್ನು ಬಿಡಿಸಿ ನೋಡಿ, ಹಿಮ್ಮುಖವಾಗಿ ಸಾಗಿರಬೇಕೆಂದು ಊಹಿಸುವುದು ಯುಕ್ತವಾಗಿದೆ.

ಅಂಕಿಗಳ ಅಂದವು ಬರವಣಿಗೆಯ ಪದ್ಧತಿಗೆ ಸೇರಿದ್ದೇ ಹೊರತು ಸಂಖ್ಯೆಗೆ ಸೇರಿದ್ದಲ್ಲ. ಹತ್ತರ ಬದಲು ಏಳನ್ನು ಆಧಾರವಾಗಿಟ್ಟು ಎಣಿಸುವವರು ಇದೇ ಹನ್ನೊಂದು ಅಂಕಿಗಳನ್ನು ಬರೆದರೆ ಅದು ನಮ್ಮ 384473664 ಆಗುತ್ತದೆ. ಅಲ್ಲಿಯೂ ಅದು ಆರು ಒಂದುಗಳ ವರ್ಗವೇ. ಅಂಕಿಗಳನ್ನೇ ಅವಲಂಬಿಸಿದ ಇನ್ನೊಂದು ಗುಣವನ್ನು ನೋಡಿದರೆ, ಗಣಿತಜ್ಞ ಕಾಪ್ರೇಕರ್ ಅವರು ‘ಹರ್ಷದ’ ಎಂದು ಕರೆದ, ತನ್ನ ಅಂಕಿಗಳ ಮೊತ್ತದಿಂದ ನಿಶ್ಶೇಷವಾಗಿ ಭಾಗವಾಗುವ ಸಂಖ್ಯೆಗಳ ಸಾಲಿಗೆ 12345654321 ಸೇರುವುದಿಲ್ಲ. ಮೊತ್ತ 36, ಸಂಖ್ಯೆಯೋ ಬೆಸ.

ಆಧಾರ ಬದಲಾದರೂ ಅಳಿಯದ ಗುಣಗಳು ಬೇರೆ. ಪ್ರತಿ ಅವಿಭಾಜ್ಯ ಅಪವರ್ತನವೂ ಎರಡೆರಡು ಬಾರಿ ಬರುವುದರಿಂದ ಭಾಜಕಗಳು ಒಟ್ಟು 243. ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತವು ಸಂಖ್ಯೆಗಿಂತ ಹೆಚ್ಚಾದರೆ ಅದನ್ನು ಸಮೃದ್ಧವೆಂದೂ ಕಡಿಮೆಯಾದರೆ ನ್ಯೂನವೆಂದೂ ಕರೆಯುವುದು ಗ್ರೀಕರ ಕಾಲದಿಂದ ಬಂದ ವರ್ಗೀಕರಣ. ಬೆಸಸಂಖ್ಯೆಗಳಲ್ಲಿ ಸಮೃದ್ಧವಾದವು ವಿರಳ. ಅವುಗಳಲ್ಲಿ ಅತಿ ಚಿಕ್ಕದು 945. ಮಹಾವೀರನ ಸಂಖ್ಯೆಯ ವಿಷಯದಲ್ಲಿ ಆ ಮೊತ್ತವು 13029870672 ಆಗಿರುವುದರಿಂದ ಅದು ಸಮೃದ್ಧ. ಆದರೆ 37 ಇಲ್ಲದಿದ್ದರೆ ಈ ಸಮೃದ್ಧಿ ಕೂದಲೆಳೆಯ ಅಂತರದಲ್ಲಿ ತಪ್ಪಿಹೋಗುತ್ತಿತ್ತು: 37ನ್ನು ತೆಗೆದು ಉಳಿದ ನಾಲ್ಕು ಅವಿಭಾಜ್ಯಗಳ ಗುಣಲಬ್ಧವಾದ 3003ನ್ನು ವರ್ಗ ಮಾಡಿದರೆ ಬರುವ 9018009ಕ್ಕೆ ಅಂಥ ಭಾಜಕಗಳ ಮೊತ್ತ 9017190 ಮಾತ್ರ, ಅಂದರೆ 819ರಷ್ಟು ನ್ಯೂನ. ಆ ಕೊರತೆಯನ್ನು ತುಂಬಿ ಸಂಖ್ಯೆಯನ್ನು ಸಮೃದ್ಧವಾಗಿಸುವುದು ಐದನೆಯ ಅವಿಭಾಜ್ಯವಾದ 37.