ಸಾಕುಮೀನುಗಳ ಬ್ಯಾಕ್ಟೀರಿಯಾ ರೋಗ ತಡೆ (ಬಸವಕಲ್ಯಾಣ–ಹುಮನಾಬಾದ್)

ಬೀದರ್ ಜಿಲ್ಲೆಯ ಈ ಎರಡು ತಾಲ್ಲೂಕುಗಳ ಕೆರೆ, ಕೃಷಿಹೊಂಡಗಳಿಗೆ ಒಗ್ಗುವ ಕಾಟ್ಲಾ, ರೋಹು, ಮೃಗಾಲ್ ಗೆಂಡೆಮೀನುಗಳಿಗೆ ತಗಲುವ ಬ್ಯಾಕ್ಟೀರಿಯಾಗಳಲ್ಲಿ ಏರೋಮೊನಾಸ್ ಹೈಡ್ರೋಫಿಲಾ ಮುಖ್ಯವಾದುದು. ಅದು ನೀರಿನಲ್ಲಿ ಸದಾ ಇರುವಂಥದ್ದು. ಮೀನು ಬಳಲಿದಾಗ ಹುಣ್ಣು, ರೆಕ್ಕೆ ಕೊಳೆತ, ಹೊಟ್ಟೆಯುಬ್ಬರವಾಗಿ ತೋರುತ್ತದೆ. ಹಾಗಾಗಿ ರೋಗ ತಡೆಯೆಂದರೆ ಬಹುಪಾಲು ನೀರಿನ ಆರೈಕೆಯೇ. ಬೇಸಿಗೆಯಲ್ಲಿ ನೀರು ಇಳಿದು ಕಾದರೆ ಆಮ್ಲಜನಕ ಕುಗ್ಗುತ್ತದೆ. ಆಗ ದೊಡ್ಡ ಮೀನು ಹಿಡಿದು ಸಂಖ್ಯೆ ಇಳಿಸಬೇಕು, ಮೇವು ತಗ್ಗಿಸಬೇಕು. ಒಣಗಿದ ಹೊಂಡದ ಹೂಳೆತ್ತಿ ಸುಣ್ಣ ಹಾಕುವುದು ರೂಢಿ. ಆದರೆ ಹುಮನಾಬಾದ್ ಸುತ್ತಲಿನ ಜಂಬಿಟ್ಟಿಗೆ ಕೆಂಪುಮಣ್ಣಿಗೂ ಕ್ಷಾರೀಯ ಕಪ್ಪುಮಣ್ಣಿಗೂ ಒಂದೇ ಅಳತೆ ಸಲ್ಲದು. ಪಿಎಚ್ ನೋಡಿಯೇ ಹಾಕಬೇಕು. ಮರಿಗಳನ್ನು ಬಿಡುವ ಮುನ್ನ ಶೇ. 2ರ ಉಪ್ಪುನೀರಿನಲ್ಲಿ ಒಂದೆರಡು ನಿಮಿಷ ಅದ್ದುವುದು ಅಗ್ಗದ ಉಪಾಯ. ಮರಿ ಮಗುಚಿದರೆ ಒಡನೆ ಎತ್ತಬೇಕು. ಕ್ಲೋರಾಂಫೆನಿಕಾಲ್, ನೈಟ್ರೋಫ್ಯುರಾನ್ ಔಷಧಿಗಳು ನಿಷಿದ್ಧ.

ಬೀದರ್‌ನಲ್ಲಿ ಕೇಂದ್ರ ಕಚೇರಿಯಿರುವ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಮಂಗಳೂರಿನ ಮೀನುಗಾರಿಕೆ ಕಾಲೇಜು (1969) ಏರೋಮೊನಾಸ್ ಹೈಡ್ರೋಫಿಲಾದ ಜೈವಿಕಪದರ (ಬಯೋಫಿಲ್ಮ್) ಲಸಿಕೆಯನ್ನು 1990ರ ದಶಕದಲ್ಲೇ ಮೇವಿನ ಮೂಲಕ ಗೆಂಡೆಮೀನುಗಳಿಗೆ ಕೊಟ್ಟು ಪರೀಕ್ಷಿಸಿತ್ತು.