ಕೂಡುವುದು, ಕಳೆಯುವುದು: ಹಡಮಾರ್ಡ್ ರೂಪಾಂತರದಿಂದ ನಾಸಿರ್ ಅಹಮದ್‌ವರೆಗೆ

ನಮ್ಮ ಸಭೆ-ಜಲ್ಸಾಗಳಲ್ಲಿ ವಿಜ್ಞಾನದ ಮಾತು ಬಂದಾಗಲೆಲ್ಲ ಅಲ್‌ಖ್ವಾರಿಜ್ಮಿ, ಇಬ್ನ್ ಸೀನಾ, ಇಬ್ನುಲ್ ಹೈಸಮ್ ಅವರ ಹೆಸರುಗಳನ್ನು ಹೆಮ್ಮೆಯಿಂದ ಹೇಳಿ ಭಾಷಣ ಮುಗಿಸುತ್ತೇವೆ. ಹೇಳಬೇಕಾದ ಹೆಸರುಗಳೇ. ಆದರೆ ಸಾವಿರ ವರ್ಷ ಹಿಂದಕ್ಕೆ ಹೋಗಿ ಅಲ್ಲೇ ನಿಂತುಬಿಟ್ಟರೆ ಕೇಳುವ ಮಕ್ಕಳಿಗೆ ಅದು ಬರೀ ಕಥೆಯಾಗುತ್ತದೆ. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ನಾಸಿರ್ ಅಹಮದ್ ಅವರ ಹೆಸರು ಸಗರನಾಡಿನ ಎಷ್ಟು ವಿದ್ಯಾರ್ಥಿಗಳಿಗೆ ಗೊತ್ತು? ಮೊಬೈಲಿನಲ್ಲಿ ತೆಗೆದ ಫೋಟೊ ಶಹಾಪುರದಿಂದ ದುಬೈಗೆ ಕ್ಷಣದಲ್ಲಿ ತಲುಪುವಷ್ಟು ಚಿಕ್ಕದಾಗುವುದು ಅವರ ಗಣಿತದಿಂದ. ಆ ಗಣಿತಕ್ಕೆ ಅವರು ಬಂದದ್ದು ಹಡಮಾರ್ಡ್ ರೂಪಾಂತರದ ದಾರಿಯಿಂದ. ಆದ್ದರಿಂದ ಮೊದಲು ಆ ದಾರಿಯನ್ನೇ ನೋಡೋಣ.

ಜಾಕ್ ಹಡಮಾರ್ಡ್ (1865–1963) ಫ್ರಾನ್ಸಿನ ಯಹೂದಿ ಮನೆತನದ ಗಣಿತಜ್ಞರು. +1 ಮತ್ತು −1 ಎಂಬ ಎರಡೇ ಸಂಖ್ಯೆಗಳಿಂದ ತುಂಬಿದ, ಯಾವ ಎರಡು ಅಡ್ಡಸಾಲುಗಳನ್ನು ಒಂದಕ್ಕೊಂದು ಗುಣಿಸಿ ಕೂಡಿದರೂ ಸೊನ್ನೆ ಬರುವ ಚೌಕ ಮಾತೃಕೆಗಳಿಗೆ 1893ರ ಅವರ ಲೇಖನದಿಂದ ಅವರ ಹೆಸರು ಬಂತು. ನಿಜ ಹೇಳಬೇಕೆಂದರೆ ಇಂಗ್ಲೆಂಡಿನ ಸಿಲ್ವೆಸ್ಟರ್ ಅಂಥವನ್ನು 1867ರಲ್ಲೇ ಕಟ್ಟಿ ತೋರಿಸಿದ್ದರು. ಯಾರ ಹೆಸರು ಉಳಿಯುತ್ತದೆಂಬುದು ಗಣಿತದಲ್ಲೂ ನಸೀಬಿನ ಮಾತು!

ಇದರ ಉಪಯೋಗ ತಿಳಿಯಲು ಪೆನ್ಸಿಲ್ ಸಾಕು. ಒಂದು ಚಿತ್ರದಲ್ಲಿ ಅಕ್ಕಪಕ್ಕದ ನಾಲ್ಕು ಚುಕ್ಕೆಗಳ ಬೆಳಕಿನ ಅಳತೆ 100, 102, 101, 103 ಇರಲಿ. ನಾಲ್ಕನ್ನೂ ಕೂಡಿದರೆ 406. ಮೊದಲೆರಡರ ಮೊತ್ತದಿಂದ ಕೊನೆಯೆರಡರ ಮೊತ್ತ ಕಳೆದರೆ −2. ಒಂದನ್ನು ಕೂಡಿ ಮುಂದಿನದನ್ನು ಕಳೆಯುತ್ತ ಹೋದರೆ −4. ಎರಡು ತುದಿಗಳ ಮೊತ್ತದಿಂದ ನಡುವಿನೆರಡರ ಮೊತ್ತ ಕಳೆದರೆ 0. ಈಗ 406, −2, −4, 0 ನಮ್ಮ ಕೈಯಲ್ಲಿವೆ. ಈ ನಾಲ್ಕನ್ನು ಕೂಡಿ 4ರಿಂದ ಭಾಗಿಸಿದರೆ ಮೊದಲ ಚುಕ್ಕೆಯ 100 ವಾಪಸು ಬರುತ್ತದೆ. ಉಳಿದವನ್ನೂ ಹೀಗೆಯೇ ಚಿಹ್ನೆ ಬದಲಿಸಿ ಪಡೆಯಬಹುದು. ಏನೂ ಕಳೆದುಹೋಗಿಲ್ಲ, ಆದರೆ ಭಾರವೆಲ್ಲ ಒಂದೇ ಸಂಖ್ಯೆಗೆ ಸರಿದಿದೆ. ಸಣ್ಣ ಸಂಖ್ಯೆಗಳನ್ನು ಬಿಟ್ಟರೂ ಚಿತ್ರ ಹೆಚ್ಚು ಕೆಡುವುದಿಲ್ಲ. 1969ರಲ್ಲಿ ಅಮೆರಿಕದ ಪ್ರಾಟ್, ಕೇನ್ ಮತ್ತು ಆಂಡ್ರೂಸ್ ಇದೇ ರೂಪಾಂತರದಿಂದ ಚಿತ್ರಗಳನ್ನು ಸಂಕ್ಷೇಪಿಸುವ ವಿಧಾನವನ್ನು ಪ್ರಕಟಿಸಿದರು.

ಅದೇ ಕಾಲಕ್ಕೆ ಈ ಸಾಲುಗಳು ಬಾಹ್ಯಾಕಾಶಕ್ಕೂ ಹೋದವು. 1971ರಲ್ಲಿ ಮಂಗಳ ಗ್ರಹದ ಕಕ್ಷೆ ಸೇರಿದ ಮ್ಯಾರಿನರ್ 9 ನೌಕೆ ಚಿತ್ರದ ಪ್ರತಿ 6 ಬಿಟ್‌ಗಳ ಬದಲು ಹಡಮಾರ್ಡ್ ಮಾತೃಕೆಯ 32 ಬಿಟ್‌ಗಳ ಒಂದು ಸಾಲನ್ನು ಕಳಿಸುತ್ತಿತ್ತು. ದಾರಿಯಲ್ಲಿ 7 ಬಿಟ್‌ಗಳು ಕೆಟ್ಟರೂ ಭೂಮಿಯ ಮೇಲಿನ ಯಂತ್ರ ಸರಿಯಾದ ಸಾಲನ್ನು ಗುರುತಿಸುತ್ತಿತ್ತು. 32 ಸಂಖ್ಯೆಗಳ ರೂಪಾಂತರಕ್ಕೆ ನೇರವಾಗಿ ಮಾಡಿದರೆ 992 ಸಲ ಕೂಡಿ ಕಳೆಯಬೇಕು. ಎರಡೆರಡನ್ನು ಜೋಡಿಸುತ್ತ ಹೋಗುವ ಶೀಘ್ರ ವಿಧಾನದಲ್ಲಿ 160 ಸಲ ಸಾಕು. ಇಂಥ ವಿಧಾನಕ್ಕೆ ಅಲ್ಗಾರಿದಮ್ ಎನ್ನುತ್ತಾರೆ. ಆ ಪದ ಅಲ್‌ಖ್ವಾರಿಜ್ಮಿಯವರ ಹೆಸರಿನಿಂದಲೇ ಹುಟ್ಟಿದ್ದು.

2000ದ ದಶಕದಲ್ಲಿ ಹಳ್ಳಿಗಳಿಗೆ ಬಂದ ತಂತಿಯಿಲ್ಲದ ಡಬ್ಲ್ಯೂಎಲ್‌ಎಲ್ ಫೋನು ಹಿರಿಯರಿಗೆ ನೆನಪಿರಬಹುದು. ಸಿಡಿಎಂಎ ತಂತ್ರದ ಅಂಥ ಫೋನುಗಳಿಗೆ ಟವರು ಒಂದೊಂದು ಕರೆಗೆ ಇದೇ ಮಾತೃಕೆಯ ಒಂದೊಂದು ಸಾಲನ್ನು ಕೊಡುತ್ತಿತ್ತು. ಎಲ್ಲ ಮಾತುಗಳೂ ಒಂದೇ ತರಂಗದಲ್ಲಿ ಬೆರೆತು ಬಂದರೂ, ತನ್ನ ಸಾಲಿನಿಂದ ಗುಣಿಸಿ ಕೂಡಿದಾಗ ಬೇರೆಯವರ ಮಾತು ಸೊನ್ನೆಯಾಗಿ ತನ್ನದಷ್ಟೇ ಉಳಿಯುತ್ತಿತ್ತು.

ಈಗ ನಾಸಿರ್ ಅಹಮದ್ ಅವರ ಮಾತಿಗೆ ಬರೋಣ. ಬೆಂಗಳೂರಿನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ, ಅಂದರೆ ಇಂದಿನ ಯುವಿಸಿಇಯಲ್ಲಿ, 1961ರಲ್ಲಿ ಪದವಿ ಪಡೆದು ಅಮೆರಿಕಕ್ಕೆ ಹೋದರು. ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದಲ್ಲಿ 1966ರಲ್ಲಿ ಪಿಎಚ್.ಡಿ. ಮುಗಿಸಿ, 1968ರಿಂದ ಕಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದರು. ಗೆಳೆಯ ಕೆ.ಆರ್. ರಾವ್ ಅವರ ಜೊತೆ ಹಡಮಾರ್ಡ್ ಬಗೆಯ ರೂಪಾಂತರಗಳ ಮೇಲೆ ಕೆಲಸ ಮಾಡುತ್ತಿದ್ದ ಅವರಿಗೆ ಅದರ ಕೊರತೆಯೂ ಗೊತ್ತಿತ್ತು. +1ರಿಂದ −1ಕ್ಕೆ ಅದು ಮೆಟ್ಟಿಲಿನಂತೆ ಜಿಗಿಯುತ್ತದೆ. ಚಿತ್ರದ ಬೆಳಕಾದರೋ ಬಹುಮಟ್ಟಿಗೆ ನಯವಾಗಿ ಏರಿಳಿಯುತ್ತದೆ. ಎಲ್ಲಕ್ಕಿಂತ ಉತ್ತಮವಾದ ಕಾರ್ಹುನೆನ್–ಲೋವ್ ರೂಪಾಂತರಕ್ಕೆ ಶೀಘ್ರ ವಿಧಾನವೇ ಇರಲಿಲ್ಲ. ಕೊಸೈನ್ ಅಲೆಗಳನ್ನು ಬಳಸಿದರೆ ಹೇಗೆ ಎಂದು ಅವರಿಗೆ ಹೊಳೆಯಿತು.

1972ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಧನಸಹಾಯ ಕೋರಿ ಪ್ರಸ್ತಾವ ಕಳಿಸಿದರು. ಅದು ಮಂಜೂರಾಗಲಿಲ್ಲ. ಈ ವಿಚಾರ ತೀರಾ ಸರಳವಾಗಿದೆ ಎಂಬುದು ಒಬ್ಬ ಪರಿಶೀಲಕರ ಆಕ್ಷೇಪವಾಗಿತ್ತೆಂದು ಅಹಮದ್ ಅವರೇ 1991ರಲ್ಲಿ ಬರೆದಿದ್ದಾರೆ. ಅನುದಾನವಿಲ್ಲದಿದ್ದರೆ ಬೇಸಿಗೆಯಲ್ಲಿ ಸಂಬಳವೂ ಇಲ್ಲ. ಮನೆಯ ಖರ್ಚಿನ ಬಗ್ಗೆ ಹೆಂಡತಿ ಎಸ್ತರ್ ಜೊತೆ ಕೂತು ಮಾತಾಡಿ, 1973ರ ಬೇಸಿಗೆಯನ್ನು ಈ ಕೆಲಸಕ್ಕೇ ಮುಡಿಪಿಟ್ಟರು. ಶಿಷ್ಯ ಟಿ. ನಟರಾಜನ್ ಕೈಜೋಡಿಸಿದರು. ಫಲಿತಾಂಶ ನಿರೀಕ್ಷೆಗೂ ಮೀರಿತ್ತು. ಅಹಮದ್, ನಟರಾಜನ್, ರಾವ್ ಮೂವರ ಹೆಸರಿನ ನಾಲ್ಕು ಪುಟದ ಬರಹ 1974ರ ಜನವರಿಯಲ್ಲಿ ಪ್ರಕಟವಾಯಿತು. ಅದರಲ್ಲಿ ಹೊಸ ಕೊಸೈನ್ ರೂಪಾಂತರವನ್ನು ಹಡಮಾರ್ಡ್ ಮೊದಲಾದವುಗಳ ಪಕ್ಕದಲ್ಲಿಟ್ಟು ಅಳೆದಿದ್ದರು. ಅದು ಕಾರ್ಹುನೆನ್–ಲೋವ್‌ಗೆ ಎಲ್ಲಕ್ಕಿಂತ ಹತ್ತಿರ ನಿಂತಿತ್ತು. ಆ ಮೂವರಲ್ಲಿ ಯಾರೂ ದೊಡ್ಡ ಕಂಪನಿಯವರಲ್ಲ, ಒಬ್ಬರು ಇನ್ನೂ ವಿದ್ಯಾರ್ಥಿ ಎಂಬುದನ್ನು ನಮ್ಮ ಮಕ್ಕಳಿಗೆ ಹೇಳಲೇಬೇಕು.

1992ರ ಜೆಪೆಗ್ ಮಾನಕ ಈ ಕೊಸೈನ್ ರೂಪಾಂತರವನ್ನೇ ಆಧಾರವಾಗಿಟ್ಟುಕೊಂಡಿತು. ಚಿತ್ರವನ್ನು 8×8 ಚುಕ್ಕೆಗಳ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕವನ್ನೂ ರೂಪಾಂತರಿಸಿ, ಕಣ್ಣಿಗೆ ಬೀಳದ ಸೂಕ್ಷ್ಮಗಳನ್ನು ಕೈಬಿಡುತ್ತದೆ. ಹಡಮಾರ್ಡ್ ಆಗಲೂ ಮೂಲೆಗೆ ಸೇರಲಿಲ್ಲ. 2003ರ ಎಚ್.264 ವಿಡಿಯೊ ಮಾನಕದಲ್ಲಿ ಕೊಸೈನ್ ಮಾದರಿಯ ರೂಪಾಂತರ ಮುಗಿದ ಮೇಲೆ, ಕೆಲವು ಬಗೆಯ ಬ್ಲಾಕುಗಳಲ್ಲಿ ಹದಿನಾರು ಚೌಕಗಳ ಸರಾಸರಿಗಳನ್ನು ಒಟ್ಟುಮಾಡಿ ಅವಕ್ಕೆ 4×4 ಹಡಮಾರ್ಡ್ ರೂಪಾಂತರ ಮಾಡುತ್ತಾರೆ. ಮೇಲೆ ಪೆನ್ಸಿಲಿನಲ್ಲಿ ಮಾಡಿದ ಅದೇ ಕೂಡು-ಕಳೆಯನ್ನು ಒಮ್ಮೆ ಅಡ್ಡಕ್ಕೆ, ಇನ್ನೊಮ್ಮೆ ಉದ್ದಕ್ಕೆ.